ಪತ್ತಿನ ಸಂಘಗಳ ಮೇಲೆ ಕಣ್ಣಿಡುವ ಕೆಲಸ: ಸಹಕಾರ ಇಲಾಖೆಯ ನಿರೀಕ್ಷಕರ ಹುದ್ದೆಗೆ ಸೇರುವುದು, ಸೇರಿ ಕೆಲಸ ಕಲಿಯುವುದು

ಬಸ್ ನಿಲ್ದಾಣದ ಎದುರಿನ ಕಟ್ಟಡದ ಮೊದಲ ಮಹಡಿಯಲ್ಲಿ ಒಂದು ಪತ್ತಿನ ಸಹಕಾರ ಸಂಘವಿದೆ ಎಂದುಕೊಳ್ಳಿ. ನಿವೃತ್ತ ಶಿಕ್ಷಕಿಯೊಬ್ಬರು ಗ್ರಾಚ್ಯುಟಿ ಹಣದಲ್ಲಿ 8 ಲಕ್ಷ ರೂಪಾಯಿಯನ್ನು ಅಲ್ಲಿ ಠೇವಣಿ ಇಟ್ಟಿದ್ದಾರೆ. ಆ ಹಣವನ್ನು ಕಾಯುವವರು ಯಾರು? ಪತ್ತಿನ ಸಂಘ ರಿಸರ್ವ್ ಬ್ಯಾಂಕಿನ ಪರಿಶೀಲನೆಗೆ ಒಳಪಡುವುದಿಲ್ಲ. ಬ್ಯಾಂಕ್ ಮುಳುಗಿದರೆ ಠೇವಣಿದಾರರಿಗೆ 5 ಲಕ್ಷ ರೂಪಾಯಿವರೆಗೆ ಸಿಗುವ ಠೇವಣಿ ವಿಮೆಯೂ ಇಲ್ಲಿಲ್ಲ. ಕಾನೂನು ಈ ಕಾವಲನ್ನು ಒಪ್ಪಿಸಿರುವುದು ಸಹಕಾರ ಸಂಘಗಳ ನಿಬಂಧಕರಿಗೆ. ಅವರ ಪರವಾಗಿ ಆ ಮೆಟ್ಟಿಲು ಹತ್ತಿ ಪುಸ್ತಕ ತೆರೆಸುವವರು ತಾಲ್ಲೂಕಿನ ಸಹಕಾರ ಸಂಘಗಳ ನಿರೀಕ್ಷಕರು. ಹುದ್ದೆ ಸಣ್ಣದಾಗಿ ಕಾಣುತ್ತದೆ, ಹೊಣೆ ಹಾಗಿಲ್ಲ. ಈ ಕೆಲಸಕ್ಕೆ ಬರಬೇಕೆಂದಿರುವವರಿಗೂ, ಬಂದು ಒಂದೆರಡು ವರ್ಷವಾದವರಿಗೂ ಉಪಯೋಗಕ್ಕೆ ಬರುವ ಮಾಹಿತಿ ಇಲ್ಲಿದೆ.

ಇಲಾಖೆಯ ಏಣಿ

ಕರ್ನಾಟಕದಲ್ಲಿ ಸಹಕಾರ ಹೊಸ ಕಸುಬಲ್ಲ. 1904ರ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂದ ಮರುವರ್ಷವೇ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಂಘ ನೋಂದಣಿಯಾಯಿತು. ಇಂದಿನ ಕೆಲಸಕ್ಕೆ ಆಧಾರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ 1959 ಮತ್ತು ಅದರ 1960ರ ನಿಯಮಗಳು.

ಮೇಲಿಂದ ಕೆಳಕ್ಕೆ ನೋಡಿದರೆ ನಿಬಂಧಕರು (ಸಾಮಾನ್ಯವಾಗಿ ಐಎಎಸ್ ಅಧಿಕಾರಿ), ಅಪರ ನಿಬಂಧಕರು, ವಿಭಾಗಕ್ಕೆ ಜಂಟಿ ನಿಬಂಧಕರು, ಜಿಲ್ಲೆಗೆ ಉಪ ನಿಬಂಧಕರು, ಉಪವಿಭಾಗಕ್ಕೆ ಸಹಾಯಕ ನಿಬಂಧಕರು, ತಾಲ್ಲೂಕಿನಲ್ಲಿ ಸಹಕಾರ ಅಭಿವೃದ್ಧಿ ಅಧಿಕಾರಿ, ಹಿರಿಯ ನಿರೀಕ್ಷಕರು, ನಿರೀಕ್ಷಕರು. ಕಚೇರಿಗಳಲ್ಲಿ ಕೇಳಿಬರುವ ಎಆರ್, ಡಿಆರ್, ಜೆಆರ್, ಸಿಡಿಒ ಎಂಬ ಹೆಸರುಗಳು ಇವರವೇ.

ಹೊಸಬರನ್ನು ಗೊಂದಲಕ್ಕೆ ತಳ್ಳುವ ಒಂದು ವಿಷಯವಿದೆ. ಸಹಕಾರ ಲೆಕ್ಕಪರಿಶೋಧನಾ ಇಲಾಖೆ ಬೇರೆ, ಅದಕ್ಕೆ ತನ್ನದೇ ನಿರ್ದೇಶಕರಿದ್ದಾರೆ. 1959ರ ಕಾಯ್ದೆಯ ಕಲಂ 63ರ ವಾರ್ಷಿಕ ಲೆಕ್ಕಪರಿಶೋಧನೆ (ಆಡಿಟ್) ಆ ಕಡೆಯ ಕೆಲಸ. ಅಲ್ಲಿ ಅನುಮೋದನೆಯಾದ ಪಟ್ಟಿಯಿಂದ ಲೆಕ್ಕಪರಿಶೋಧಕರನ್ನು ಸಂಘವೇ ಆರಿಸಿಕೊಳ್ಳುತ್ತದೆ. ಆಡಿಟ್ ನಡೆಯುವುದು ವರ್ಷ ಮುಗಿದ ಮೇಲೆ, ಸಂಘಕ್ಕೆ ಮೊದಲೇ ಗೊತ್ತಿದ್ದು. ನಿರೀಕ್ಷಕರು ಆಗಸ್ಟಿನ ಒಂದು ಮಂಗಳವಾರ ಬೆಳಿಗ್ಗೆ ಹೇಳದೆ ಹೋಗಬಹುದು. ಈ ಹುದ್ದೆಯ ಬಲವಿರುವುದು ಅಲ್ಲಿ.

ಸೇರುವ ದಾರಿ

ಎರಡು ಬಾಗಿಲುಗಳಿವೆ. ಒಂದು, ಕೆಪಿಎಸ್‌ಸಿ ಗ್ರೂಪ್ ‘ಸಿ’ ಮೂಲಕ ನಿರೀಕ್ಷಕರ ನೇರ ನೇಮಕಾತಿ. ಇನ್ನೊಂದು, ಗೆಜೆಟೆಡ್ ಪ್ರೊಬೇಷನರ್ಸ್ ಪರೀಕ್ಷೆಯ ಮೂಲಕ ಸಹಾಯಕ ನಿಬಂಧಕರ ಹುದ್ದೆ. ನಿರೀಕ್ಷಕರ ಹುದ್ದೆಗೆ ಪದವಿ ಬೇಕು. ಪರೀಕ್ಷೆಯಲ್ಲಿ ಸಾಮಾನ್ಯ ಜ್ಞಾನ 100 ಅಂಕ, ಕನ್ನಡ, ಇಂಗ್ಲಿಷ್, ಕಂಪ್ಯೂಟರ್ ಸೇರಿದ ಸಂವಹನ ಪತ್ರಿಕೆ 100 ಅಂಕ. ಇದಲ್ಲದೆ 150 ಅಂಕಗಳ ಕಡ್ಡಾಯ ಕನ್ನಡ ಪರೀಕ್ಷೆಯಿದೆ. ಅದರಲ್ಲಿ 50 ಬರದಿದ್ದರೆ ಉಳಿದ ಪತ್ರಿಕೆಗಳಲ್ಲಿ ಎಷ್ಟು ಬಂದರೂ ಲೆಕ್ಕಕ್ಕಿಲ್ಲ. ಮನೆಮಾತು ಕನ್ನಡ ತಾನೇ ಎಂದು ಇದನ್ನು ಹಗುರಾಗಿ ತೆಗೆದುಕೊಂಡು ಬಿದ್ದವರಿದ್ದಾರೆ. ಕಲ್ಯಾಣ ಕರ್ನಾಟಕದ ಜಿಲ್ಲೆಗಳವರು ಸ್ಥಳೀಯ ಮೀಸಲಾತಿಯ 371(ಜೆ) ಪ್ರಮಾಣಪತ್ರವನ್ನು ಅಧಿಸೂಚನೆ ಬರುವ ಮೊದಲೇ ಮಾಡಿಸಿಟ್ಟುಕೊಳ್ಳಬೇಕು. ಕೊನೆಯ ದಿನಾಂಕದ ನಂತರ ಪಡೆದ ಪ್ರಮಾಣಪತ್ರದಿಂದ ಸ್ಥಳೀಯ ವೃಂದದ ಅವಕಾಶ ಕೈತಪ್ಪಬಹುದು.

ಬಿ.ಕಾಂ. ಓದಿರಲೇಬೇಕೆಂದಿಲ್ಲ. ಜಮಾ-ಖರ್ಚು ಬಾರದೆ ಮಾತ್ರ ಈ ಕೆಲಸ ಆಗದು. ಬೇರೆ ಪದವಿಯವರು ಆರು ತಿಂಗಳು ದಿನಕ್ಕೊಂದು ಗಂಟೆಯಂತೆ ಪಿಯುಸಿಯ ಲೆಕ್ಕಶಾಸ್ತ್ರ ಪಠ್ಯವನ್ನು ಕೈಯಲ್ಲಿ ಬರೆದು ಕಲಿತರೆ ಸಾಕಾಗುತ್ತದೆ. ಕಿರ್ದಿಯಿಂದ (ದಿನದ ವ್ಯವಹಾರ ಬರೆಯುವ ಪುಸ್ತಕ) ಖಾತೆಗೆ, ಖಾತೆಯಿಂದ ತಾಳೆಪಟ್ಟಿಗೆ, ಅಲ್ಲಿಂದ ಆಸ್ತಿ-ಜವಾಬ್ದಾರಿ ತಃಖ್ತೆಗೆ ಒಂದು ಅಂಕಿ ಹೇಗೆ ನಡೆದುಹೋಗುತ್ತದೆ ಎಂಬುದು ಕಣ್ಣಿಗೆ ಕಟ್ಟಬೇಕು. ಇದಕ್ಕಿಂತ ಒಳ್ಳೆಯ ಅಭ್ಯಾಸವೊಂದಿದೆ: ನಿಮ್ಮೂರಿನ ಸಂಘದ ವಾರ್ಷಿಕ ಮಹಾಸಭೆಯ ಪುಸ್ತಕಗಳನ್ನು ಐದು ವರ್ಷಗಳದ್ದು ತಂದು ಸಾಲಾಗಿ ಇಟ್ಟುಕೊಳ್ಳಿ. ಠೇವಣಿ, ಸಾಲ, ಸುಸ್ತಿ (ಅವಧಿ ಮೀರಿದರೂ ತೀರದ ಸಾಲ), ಬರಬೇಕಾದ ಬಡ್ಡಿ, ಲಾಭ ಈ ಐದನ್ನು ಒಂದೇ ಹಾಳೆಯಲ್ಲಿ ಬರೆಯಿರಿ. ಲಾಭ ಏರುತ್ತಿದ್ದು, ಅದಕ್ಕಿಂತ ವೇಗವಾಗಿ ‘ಬರಬೇಕಾದ ಬಡ್ಡಿ’ ಏರುತ್ತಿದ್ದರೆ ಕೆಲಸದ ಮೊದಲ ಪಾಠ ಮುಗಿಯಿತು.

ಸೇರಿದ ಮೇಲೆ ಕನಿಷ್ಠ ಎರಡು ವರ್ಷ ಪ್ರೊಬೇಷನ್. ಇಲಾಖಾ ಪರೀಕ್ಷೆಗಳನ್ನು ಆ ಅವಧಿಯಲ್ಲೇ ಮುಗಿಸಿ. ತಡವಾದರೆ ವೇತನ ಬಡ್ತಿಗೂ ಮುಂದಿನ ಹುದ್ದೆಗೂ ಅಡ್ಡಿಯಾಗುತ್ತದೆ. ತರಬೇತಿಗೆ ರಾಜ್ಯ ಸಹಕಾರ ಮಹಾಮಂಡಳ ನಡೆಸುವ ಸಹಕಾರ ಡಿಪ್ಲೊಮಾ, ಬೆಂಗಳೂರಿನ ಪ್ರಾದೇಶಿಕ ಸಹಕಾರ ನಿರ್ವಹಣಾ ಸಂಸ್ಥೆ, ಪುಣೆಯ ವೈಕುಂಠ ಮೆಹ್ತಾ ಸಂಸ್ಥೆ ಇವೆ. ಅವಕಾಶ ಸಿಕ್ಕರೆ ಬಿಡಬೇಡಿ. ಹಳೆಯ ಕೈಬರಹದ ಪುಸ್ತಕ ಓದಲು ಮಾತ್ರ ಯಾವ ತರಗತಿಯೂ ಕಲಿಸುವುದಿಲ್ಲ. ಹಿರಿಯ ನಿರೀಕ್ಷಕರ ಪಕ್ಕ ಕೂತು ಕಲಿಯಬೇಕು.

ಮೊದಲು ನೋಡಬೇಕಾದದ್ದು ನೋಂದಣಿ ಪತ್ರ

ಠೇವಣಿ ಸಿಗದೆ ಅಳುತ್ತ ಬಂದವರಿಗೆ ಯಾವ ಕಾಯ್ದೆಯ ಸಂಘ ಎಂಬುದು ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ನಿಮಗೆ ಗೊತ್ತಿರಲೇಬೇಕು. ಒಂದೇ ಬೀದಿಯಲ್ಲಿ ಮೂರು ಬಗೆಯ ಸಂಘಗಳಿರುತ್ತವೆ. 1959ರ ಕಾಯ್ದೆಯಡಿಯದು ನಿಮ್ಮ ಪೂರ್ಣ ವ್ಯಾಪ್ತಿಗೆ ಬರುತ್ತದೆ. 1997ರ ಕರ್ನಾಟಕ ಸೌಹಾರ್ದ ಸಹಕಾರಿ ಕಾಯ್ದೆಯಡಿಯ ‘ಸಹಕಾರಿ’ಗಳಲ್ಲಿ ನಿಬಂಧಕರ ಅಧಿಕಾರ ಕಡಿಮೆ, ಅವುಗಳ ಒಕ್ಕೂಟವಾದ ಸಂಯುಕ್ತ ಸಹಕಾರಿಯ ಪಾತ್ರ ಹೆಚ್ಚು. 2002ರ ಬಹುರಾಜ್ಯ ಸಹಕಾರ ಸಂಘಗಳ ಕಾಯ್ದೆಯಡಿಯವು ದೆಹಲಿಯ ಕೇಂದ್ರ ನಿಬಂಧಕರಿಗೆ ಸೇರಿದವು. 2023ರ ತಿದ್ದುಪಡಿಯಲ್ಲಿ ಅಲ್ಲಿ ಒಂಬುಡ್ಸ್‌ಮನ್ (ಸದಸ್ಯರ ದೂರು ಆಲಿಸುವ ಅಧಿಕಾರಿ) ವ್ಯವಸ್ಥೆಯನ್ನೂ ತಂದಿದ್ದಾರೆ. ವ್ಯಾಪ್ತಿ ಇಲ್ಲದ ಸಂಘಕ್ಕೆ ನೋಟಿಸ್ ಕೊಟ್ಟರೆ ಅವರು ನೇರ ಹೈಕೋರ್ಟಿಗೆ ಹೋಗುತ್ತಾರೆ. ನೋಟಿಸ್ ರದ್ದಾಗುವಷ್ಟರಲ್ಲಿ ಆಸ್ತಿ ಬೇರೆಯವರ ಹೆಸರಿಗೆ ಹೋಗಿರುತ್ತದೆ. ವ್ಯಾಪ್ತಿ ಇಲ್ಲದಿದ್ದರೂ ದೂರುದಾರರನ್ನು ಬರಿಗೈಯಲ್ಲಿ ಕಳಿಸಬೇಡಿ. ಯಾರಿಗೆ ಬರೆಯಬೇಕು, ಜೊತೆಗೆ ಏನು ಲಗತ್ತಿಸಬೇಕು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಡಿ.

ಬೋರ್ಡನ್ನೂ ನೋಡಿ. ಪರವಾನಗಿ ಇಲ್ಲದ ಪತ್ತಿನ ಸಂಘ ‘ಬ್ಯಾಂಕ್’ ಎಂಬ ಪದ ಬಳಸುವಂತಿಲ್ಲ. ಪಾಸ್‌ಬುಕ್, ಚೀಟಿ, ಕ್ಯಾಲೆಂಡರ್ ಮೇಲೆ ಆ ಪದ ನುಸುಳಿರುತ್ತದೆ. ಜನ ಮೋಸಹೋಗುವುದು ಅಲ್ಲಿಂದ.

ಹೊರಡುವ ಮುನ್ನ

ಪರಿಶೀಲನೆಯ ಅರ್ಧ ಕೆಲಸ ಕಚೇರಿಯ ಮೇಜಿನ ಮೇಲೆ ಆಗುತ್ತದೆ. ಸಂಘದ ಬೈಲಾ, ಮೂರು ವರ್ಷದ ಆಡಿಟ್ ವರದಿ, ಅದಕ್ಕೆ ಕೊಟ್ಟ ಅನುಪಾಲನಾ ವರದಿ, ಬಾಕಿ ಇರುವ ದೂರುಗಳು, ಆಡಳಿತ ಮಂಡಳಿ ಸದಸ್ಯರ ಪಟ್ಟಿ ತೆಗೆದುಕೊಳ್ಳಿ. ಆಡಿಟ್ ವರದಿಯಲ್ಲಿ ಮೂರೂ ವರ್ಷ ಒಂದೇ ಆಕ್ಷೇಪ ಬಂದು, ಮೂರೂ ಸಲ ‘ಸರಿಪಡಿಸಲಾಗುವುದು’ ಎಂಬ ಉತ್ತರ ಇದ್ದರೆ ನೇರವಾಗಿ ಅಲ್ಲಿಗೇ ಹೋಗಿ.

ನಿಮ್ಮ ಹೆಸರಿಗೆ ಅಧಿಕಾರ ಕೊಟ್ಟ ಆದೇಶದ ಪ್ರತಿ ಕೈಯಲ್ಲಿರಲಿ. ಆದೇಶದಲ್ಲಿ ಯಾವ ಕಲಂ ಎಂದು ಸ್ಪಷ್ಟವಾಗಿರಬೇಕು. ಸಂಘದ ವಾಹನದಲ್ಲಿ ಹೋಗಬೇಡಿ, ಊಟದ ಡಬ್ಬಿ ಮನೆಯಿಂದ ಒಯ್ಯಿರಿ. ಇದು ಬರಿಯ ಶಿಸ್ತಿನ ಮಾತಲ್ಲ: ನಾಳೆ ಸರ್ಚಾರ್ಜ್ (ನಷ್ಟವನ್ನು ಹೊಣೆಗಾರರಿಂದ ವಸೂಲು ಮಾಡುವ) ವಿಚಾರಣೆಯಲ್ಲಿ ಎದುರು ವಕೀಲರು ಕೇಳುವ ಮೊದಲ ಪ್ರಶ್ನೆಗಳಲ್ಲಿ ‘ಅಂದು ಮಧ್ಯಾಹ್ನ ಯಾರ ಮನೆಯಲ್ಲಿ ಊಟ ಮಾಡಿದಿರಿ?’ ಎಂಬುದೂ ಇರಬಹುದು.

ಬೆಳಗಿನ ಮೊದಲ ಗಂಟೆ: ನಗದು ಮತ್ತು ಬ್ಯಾಂಕ್

ಕೌಂಟರ್ ತೆರೆಯುವ ಹದಿನೈದು ನಿಮಿಷ ಮೊದಲೇ ತಲುಪಿ. ತಿಜೋರಿಯ ಎರಡು ಕೀಲಿ ಇಬ್ಬರ ಬಳಿ ಇದೆಯೇ ಎಂಬುದು ಆಗಲೇ ತಿಳಿಯುತ್ತದೆ. ಎರಡೂ ಒಬ್ಬರ ಜೇಬಿನಿಂದಲೇ ಬಂದರೆ ಅದನ್ನೇ ಮೊದಲ ಆಕ್ಷೇಪವಾಗಿ ಬರೆದುಕೊಳ್ಳಿ. ಹಿಂದಿನ ದಿನದ ನಗದು ಪುಸ್ತಕ ಮುಗಿಸಿ ಸಹಿಯಾಗಿದೆಯೇ ನೋಡಿ, ನಂತರ ಎಣಿಕೆ ಶುರುಮಾಡಿ. ನೋಟಿನ ಮುಖಬೆಲೆವಾರು ಬರೆದು, ಕ್ಯಾಷಿಯರ್ ಮತ್ತು ಕಾರ್ಯದರ್ಶಿ ಇಬ್ಬರ ಸಹಿಯನ್ನೂ ಸಮಯವನ್ನೂ ಹಾಕಿಸಿ. ‘ಮುಂಗಡ ಚೀಟಿ’ಗಳನ್ನು ನಗದು ಎಂದು ಎಣಿಸಬೇಡಿ. ಅಧ್ಯಕ್ಷರು ಒಯ್ದ 2 ಲಕ್ಷಕ್ಕೆ ತಿಜೋರಿಯಲ್ಲಿ ಒಂದು ಬಿಳಿ ಚೀಟಿ ಇದ್ದರೆ ಅಲ್ಲಿರುವುದು ಕಾಗದ, ಹಣ ಕೊರತೆಯಾಗಿದೆ.

ಬ್ಯಾಂಕ್ ಬಾಕಿಗೆ ಸಂಘ ತೋರಿಸುವ ಜೆರಾಕ್ಸ್ ನಂಬಬೇಡಿ. ಬ್ಯಾಂಕಿನಿಂದ ನೇರವಾಗಿ ನಿಮ್ಮ ಕಚೇರಿಗೆ ಬಾಕಿ ದೃಢೀಕರಣ ತರಿಸಿಕೊಳ್ಳಿ. ಡಿಸಿಸಿ (ಜಿಲ್ಲಾ ಕೇಂದ್ರ ಸಹಕಾರ) ಬ್ಯಾಂಕಿನಲ್ಲಿಟ್ಟ ನಿಶ್ಚಿತ ಠೇವಣಿಗಳ ಮೂಲ ರಸೀದಿ ನೋಡಿ, ಜೊತೆಗೆ ಆ ರಸೀದಿಯ ಮೇಲೆ ಓವರ್‌ಡ್ರಾಫ್ಟ್ ಪಡೆದಿದ್ದಾರೆಯೇ ಎಂದು ಬ್ಯಾಂಕನ್ನೇ ಕೇಳಿ. ಪುಸ್ತಕದಲ್ಲಿ 50 ಲಕ್ಷದ ಹೂಡಿಕೆ ಇರುತ್ತದೆ, ಅದರ ಮೇಲೆ 45 ಲಕ್ಷ ಎತ್ತಿದ್ದು ಎಲ್ಲೂ ಇರುವುದಿಲ್ಲ. ಮೀಸಲು ನಿಧಿಯನ್ನು ಹೀಗೆ ಕರಗಿಸಿದ ಸಂಘಗಳು ಹೊರಗಿಂದ ನೋಡಲು ಗಟ್ಟಿಯಾಗೇ ಇರುತ್ತವೆ.

ಠೇವಣಿ: ಎರಡು ಮೊತ್ತಗಳ ನಡುವಿನ ಅಂತರ

ಇಡೀ ಪರಿಶೀಲನೆಯಲ್ಲಿ ಒಂದೇ ಕೆಲಸಕ್ಕೆ ಸಮಯವಿದೆ ಎಂದರೆ ಇದನ್ನು ಮಾಡಿ. ಸಾಮಾನ್ಯ ಖಾತೆಯಲ್ಲಿ ಠೇವಣಿಯ ಒಟ್ಟು ಮೊತ್ತ ಒಂದಿರುತ್ತದೆ. ಪ್ರತಿ ಠೇವಣಿದಾರರ ವೈಯಕ್ತಿಕ ಖಾತೆಗಳ ಮೊತ್ತ ಇನ್ನೊಂದು. ಎರಡೂ ತಾಳೆಯಾಗಲೇಬೇಕು. ಉದಾಹರಣೆಗೆ ತಃಖ್ತೆಯಲ್ಲಿ 4 ಕೋಟಿ 20 ಲಕ್ಷ, ವೈಯಕ್ತಿಕ ಖಾತೆಗಳನ್ನು ಕೂಡಿದರೆ 4 ಕೋಟಿ 47 ಲಕ್ಷ ಬಂತೆನ್ನಿ. ವ್ಯತ್ಯಾಸದ 27 ಲಕ್ಷವನ್ನು ಸಂಘ ಜನರಿಗೆ ಕೊಡಬೇಕಿದೆ, ಆದರೆ ಪುಸ್ತಕಕ್ಕೆ ಬಂದಿಲ್ಲ. ಯಾರೋ ಕೌಂಟರಿನಲ್ಲಿ ಪಡೆದು ಒಳಗೆ ಕಟ್ಟಿಲ್ಲ. ‘ಸಾಫ್ಟ್‌ವೇರ್ ಬದಲಾಯಿಸಿದಾಗ ಆದ ವ್ಯತ್ಯಾಸ ಸಾರ್’ ಎಂಬ ಉತ್ತರ ಸಾಮಾನ್ಯ. ಹಾಗಿದ್ದರೆ ಬದಲಾಯಿಸಿದ ದಿನದ ಹಳೆಯ ಪಟ್ಟಿ ಕೊಡಿ ಎಂದು ಬರೆದು ಕೇಳಿ.

ತಾಳೆಯಾದರೂ ಕೆಲಸ ಮುಗಿಯಲಿಲ್ಲ, ಏಕೆಂದರೆ ಎರಡು ಪುಸ್ತಕಕ್ಕೂ ಬಾರದ ರಸೀದಿಗಳಿರಬಹುದು. ಅಚ್ಚಾದ ಠೇವಣಿ ಪತ್ರಗಳ ದಾಸ್ತಾನು ಪುಸ್ತಕ ತರಿಸಿ. ಮುದ್ರಣಾಲಯದ ಬಿಲ್ಲಿನಲ್ಲಿ 1ರಿಂದ 1000, ಬಳಸಿದ್ದು 640, ಖಾಲಿ ಇರಬೇಕಾದದ್ದು 360. ಕೈಗೆ ಸಿಕ್ಕಿದ್ದು 348 ಆದರೆ ಆ 12 ಪತ್ರಗಳು ಯಾರ ಮನೆಯ ಬೀರುವಿನಲ್ಲಿವೆ ಎಂಬುದು ಮುಂದಿನ ಪ್ರಶ್ನೆ. ಕಾಣೆಯಾದ ಸಂಖ್ಯೆಗಳನ್ನು ವರದಿಯಲ್ಲಿ ಒಂದೊಂದಾಗಿ ನಮೂದಿಸಿ.

ನಂತರ ಹೊರಗೆ ಹೋಗಿ. 30–40 ಠೇವಣಿದಾರರ ಪಾಸ್‌ಬುಕ್ ನೋಡಿ, ವಯಸ್ಸಾದವರದ್ದು ಮತ್ತು ದೂರದಲ್ಲಿರುವ ಮಕ್ಕಳ ಹೆಸರಿನಲ್ಲಿರುವುದು ಹೆಚ್ಚಿರಲಿ. ಮೋಸ ಮಾಡುವವರು ಆರಿಸುವುದು ಕೇಳಲು ಬಾರದವರನ್ನು. ಪಿಗ್ಮಿಗೆ ಸಂಜೆ ಅಂಗಡಿ ಬೀದಿಯಲ್ಲಿ 15–20 ಅಂಗಡಿ ಸುತ್ತಬೇಕು. ಏಜೆಂಟರು ಸೋಮವಾರ ಸಂಗ್ರಹಿಸಿದ್ದನ್ನು ಗುರುವಾರ ಕಟ್ಟುತ್ತಿದ್ದರೆ ಮೂರು ದಿನದ ಹಣ ಸದಾ ಅವರ ಕೈಯಲ್ಲಿ ತಿರುಗುತ್ತಿದೆ ಎಂದರ್ಥ, ಮುಂದೊಂದು ದಿನ ಅದು ಹಿಂದಿರುಗುವುದಿಲ್ಲ. ಜನರನ್ನು ಕೇಳುವಾಗ ಮಾತಿನ ಮೇಲೆ ಹಿಡಿತವಿರಲಿ. ‘ವಾಡಿಕೆಯ ಬಾಕಿ ದೃಢೀಕರಣ’ ಎಂದಷ್ಟೇ ಹೇಳಿ, ಒಬ್ಬರ ಬಾಕಿ ಇನ್ನೊಬ್ಬರಿಗೆ ಕಾಣದಂತೆ ಬಿಡಿ ಚೀಟಿ ಬಳಸಿ. ಸಂಶಯದ ಒಂದು ಮಾತು ಬೀದಿಗೆ ಬಿದ್ದರೆ ಬೆಳಿಗ್ಗೆ ಸಂಘದ ಮುಂದೆ ಸಾಲು ನಿಲ್ಲುತ್ತದೆ. ಗಟ್ಟಿಯಾಗಿರುವ ಸಂಘವೂ ಒಂದೇ ದಿನದಲ್ಲಿ ಎಲ್ಲರ ಹಣ ಕೊಡಲಾರದು.

ಠೇವಣಿ ಯಾರಿಂದ ಬಂದಿದೆ ಎಂಬುದೂ ಮುಖ್ಯ. ಸಂಘ ಸದಸ್ಯರದ್ದು. ಕೌಂಟರಿಗೆ ಬಂದವರಿಗೆಲ್ಲ ಅಲ್ಪ ಶುಲ್ಕಕ್ಕೆ ನಾಮಮಾತ್ರ ಸದಸ್ಯತ್ವ ಬರೆದು ಲಕ್ಷಗಟ್ಟಲೆ ಠೇವಣಿ ಪಡೆಯುವುದು ಸಾರ್ವಜನಿಕರಿಂದ ಹಣ ಎತ್ತುವ ಹಿತ್ತಿಲ ಬಾಗಿಲು. ಸುತ್ತಲಿನವರು 8 ಶೇಕಡಾ ಕೊಡುವಾಗ ಒಂದು ಸಂಘ 12 ಕೊಡುತ್ತೇನೆ ಎಂದರೆ, ಹಳೆಯ ಠೇವಣಿ ಹಿಂದಿರುಗಿಸಲು ಹೊಸ ಠೇವಣಿ ಬೇಕಾಗಿದೆಯೇ ಎಂದು ಲೆಕ್ಕ ಹಾಕಿ: ಒಂದು ತಿಂಗಳ ಸಾಲ ವಸೂಲಿ ಎಷ್ಟು, ಹೊಸ ಠೇವಣಿ ಎಷ್ಟು, ಹಿಂದಿರುಗಿಸಿದ್ದು ಎಷ್ಟು. ಮೂರೇ ಅಂಕಿ ಸಾಕು.

ಸಾಲ: ಮಾರ್ಚ್ 31 ಮತ್ತು ಏಪ್ರಿಲ್‌ನ ಮೊದಲ ಹದಿನೈದು ದಿನ

ಸಾಲದ ಕಡತಗಳನ್ನೆಲ್ಲ ನೋಡಲು ಆಗದು. ದೊಡ್ಡ ಇಪ್ಪತ್ತು ಸಾಲ, ಆಡಳಿತ ಮಂಡಳಿಯವರ ಮತ್ತು ಅವರ ಬಂಧುಗಳ ಸಾಲ, ಕೊನೆಯ ಮೂರು ತಿಂಗಳಲ್ಲಿ ಕೊಟ್ಟ ಸಾಲ, ಇಷ್ಟನ್ನು ಪೂರ್ತಿ ನೋಡಿ. ಪ್ರತಿ ಕಡತದಲ್ಲಿ ಅರ್ಜಿ, ಮಂಡಳಿಯ ನಡವಳಿ, ಜಾಮೀನುದಾರರ ಸಹಿ, ಅಡಮಾನ ಪತ್ರ, ಋಣಭಾರ ಪ್ರಮಾಣಪತ್ರ ಇರಬೇಕು. ದಿನಾಂಕಗಳ ಸರಣಿ ನೋಡಿ: ಹಣ ಕೊಟ್ಟದ್ದು ಮಂಜೂರಾತಿಗಿಂತ ಮೊದಲಾಗಿದ್ದರೆ ನಡವಳಿಯನ್ನು ಆಮೇಲೆ ಬರೆದಿದ್ದಾರೆ. ‘ಅ’ ‘ಬ’ನಿಗೆ, ‘ಬ’ ‘ಕ’ನಿಗೆ, ‘ಕ’ ಮತ್ತೆ ‘ಅ’ನಿಗೆ ಜಾಮೀನಾಗಿದ್ದರೆ ಅಲ್ಲಿ ಜಾಮೀನೇ ಇಲ್ಲ.

ಬುಕ್ ಅಡ್ಜಸ್ಟ್‌ಮೆಂಟ್ ಎಂದು ಎಲ್ಲರೂ ಕರೆಯುವ ಆಟ ನಡೆಯುವುದು ವರ್ಷಾಂತ್ಯದಲ್ಲಿ. ಮಾರ್ಚ್ 31ರಂದು ಸುಸ್ತಿ ಸಾಲ ‘ತೀರುತ್ತದೆ’. ಏಪ್ರಿಲ್ 3ಕ್ಕೆ ಅದೇ ವ್ಯಕ್ತಿಗೆ ಅಸಲು ಮತ್ತು ಬಡ್ಡಿ ಸೇರಿಸಿ ಹೊಸ ಸಾಲ. ತಃಖ್ತೆಯಲ್ಲಿ ಸುಸ್ತಿ ಇಳಿದು ಲಾಭ ಏರುತ್ತದೆ, ಒಂದು ರೂಪಾಯಿಯೂ ಬಂದಿರುವುದಿಲ್ಲ. ಮಾರ್ಚ್ ಕೊನೆಯ ಐದು ದಿನದ ಸಾಲ ಜಮೆಗಳ ಪಟ್ಟಿಯನ್ನೂ ಏಪ್ರಿಲ್ ಮೊದಲ ಹದಿನೈದು ದಿನದ ಸಾಲ ವಿತರಣೆಯ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ಹೆಸರು ಹೊಂದಿಸಿ. ಆ ಜಮೆಗಳು ನಗದಾಗಿ ಬಂದವೋ, ಬ್ಯಾಂಕಿನ ಮೂಲಕವೋ, ಹಣವಿಲ್ಲದೆ ಪುಸ್ತಕದಲ್ಲೇ ಖಾತೆಯಿಂದ ಖಾತೆಗೆ ಹಾಕುವ ವರ್ಗಾವಣೆ ಚೀಟಿಯ ಮೂಲಕವೋ ಎಂದು ಗುರುತು ಹಾಕಿ. ವರ್ಗಾವಣೆ ಚೀಟಿಗಳೇ ಹೆಚ್ಚಿದ್ದರೆ ಉತ್ತರ ಸಿಕ್ಕಿತು.

ಬಾರದ ಬಡ್ಡಿಯನ್ನು ಆದಾಯವೆಂದು ತೋರಿಸುವುದು ಇದರ ಅಣ್ಣ. 1 ಕೋಟಿ ಸುಸ್ತಿ ಸಾಲದ ಮೇಲೆ 14 ಶೇಕಡಾದಂತೆ 14 ಲಕ್ಷ ಬಡ್ಡಿ ‘ಬರಬೇಕಾದದ್ದು’. ಅದನ್ನು ಆದಾಯಕ್ಕೆ ಸೇರಿಸಿ 9 ಲಕ್ಷ ಲಾಭ ತೋರಿಸಿದರೆ ನಿಜದಲ್ಲಿ ಆಗಿರುವುದು 5 ಲಕ್ಷ ನಷ್ಟ. ಆ ಲಾಭದ ಮೇಲೆ ಹಂಚಿದ ಡಿವಿಡೆಂಡ್ ಠೇವಣಿದಾರರ ಹಣದಿಂದ ಹೋಗಿದೆ. ಮಹಾಸಭೆಯಲ್ಲಿ ಚಪ್ಪಾಳೆ ಬೀಳುವುದು ಇದಕ್ಕೇ ಎಂಬುದು ನೋವಿನ ಸಂಗತಿ.

ಕಂಪ್ಯೂಟರೀಕರಣ ಆಗಿರುವಲ್ಲಿ ಸಾಲದ ಪಟ್ಟಿಯನ್ನು ಎಕ್ಸೆಲ್‌ಗೆ ಇಳಿಸಿ ಮೊಬೈಲ್ ಸಂಖ್ಯೆ, ವಿಳಾಸ, ಪ್ಯಾನ್ ಪ್ರಕಾರ ಜೋಡಿಸಿ. ಹತ್ತು ಸಾಲಗಾರರಿಗೆ ಒಂದೇ ಮೊಬೈಲ್ ಸಂಖ್ಯೆ ಇದ್ದರೆ ನಿಜವಾದ ಸಾಲಗಾರ ಒಬ್ಬನೇ. 2019ರಲ್ಲಿ ಮುಂಬೈಯ ಪಿಎಂಸಿ ಬ್ಯಾಂಕ್ ಕುಸಿದಾಗ ಒಂದೇ ಸಮೂಹಕ್ಕೆ ಕೊಟ್ಟ ಸಾಲವನ್ನು 21 ಸಾವಿರಕ್ಕೂ ಹೆಚ್ಚು ಕಾಲ್ಪನಿಕ ಖಾತೆಗಳ ಹಿಂದೆ ಮುಚ್ಚಿಟ್ಟಿದ್ದರೆಂಬ ಆರೋಪ ಹೊರಬಂತು. ಅದು ಬ್ಯಾಂಕು, ರಿಸರ್ವ್ ಬ್ಯಾಂಕಿನ ಕಣ್ಣಿದ್ದ ಸಂಸ್ಥೆ. ನಿಮ್ಮ ತಾಲ್ಲೂಕಿನ ಸಂಘಕ್ಕೆ ನಿಮ್ಮ ಕಣ್ಣಷ್ಟೇ ಇದೆ. ಹಿಂದಿನ ದಿನಾಂಕಕ್ಕೆ ನಮೂದು ಮಾಡಲು ತಂತ್ರಾಂಶ ಬಿಡುತ್ತದೆಯೇ, ಬಿಟ್ಟರೆ ಆ ಪಾಸ್‌ವರ್ಡ್ ಯಾರ ಬಳಿ ಇದೆ ಎಂಬುದನ್ನು ಲಿಖಿತವಾಗಿ ಪಡೆಯಿರಿ.

ಕೃಷಿ ಪತ್ತಿನ ಸಂಘಗಳಲ್ಲಿ ನೋಡಬೇಕಾದದ್ದು ಬೇರೆ. 2023–24ರ ಬಜೆಟ್ಟಿನಲ್ಲಿ ಬಡ್ಡಿರಹಿತ ಅಲ್ಪಾವಧಿ ಸಾಲದ ಮಿತಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿತು. ಬಡ್ಡಿಯನ್ನು ಸರ್ಕಾರ ತುಂಬುತ್ತದಾದ್ದರಿಂದ ಒಂದೇ ಪಹಣಿಯ ಮೇಲೆ ಎರಡು ಸಂಘದಲ್ಲಿ ಸಾಲ, ಮಾರಿದ ಜಮೀನಿನ ಮೇಲೆ ಸಾಲ, ತೀರಿಕೊಂಡವರ ಹೆಸರಿನ ಸಾಲ ಇವನ್ನು ಹುಡುಕಬೇಕು. ರೈತರ ಫ್ರೂಟ್ಸ್ (ಸರ್ಕಾರದ ರೈತ ನೋಂದಣಿ ತಂತ್ರಾಂಶ) ಗುರುತಿನ ಸಂಖ್ಯೆ ಮತ್ತು ಹಾಲಿ ಪಹಣಿ ಹೊಂದಿಸಿದರೆ ಬಹಳಷ್ಟು ತಿಳಿಯುತ್ತದೆ. ಸಹಿ ಹಾಕಿದ ರೈತನಿಗೆ ಪೂರ್ತಿ ಹಣ ಕೈಸೇರಿತೇ ಎಂದು ಅವನ ಮನೆಯ ಜಗಲಿಯಲ್ಲೇ ಕೂತು ಕೇಳಿ, ಸಂಘದ ಕಚೇರಿಗೆ ಕರೆಸಿ ಕೇಳಬೇಡಿ.

ಚಿನ್ನದ ಸಾಲಕ್ಕೆ ಸಂಘದ ಅಕ್ಕಸಾಲಿಗರನ್ನು ಬಿಟ್ಟು ಹೊರಗಿನ ಮೌಲ್ಯಮಾಪಕರನ್ನು ಕರೆದೊಯ್ಯಿರಿ. ಮೊದಲು ಪೊಟ್ಟಣಗಳ ಎಣಿಕೆ ಪಟ್ಟಿಗೆ ಸರಿಹೊಂದಬೇಕು. ನಂತರ ದೊಡ್ಡ ಹತ್ತು ಮತ್ತು ಉಳಿದವುಗಳಲ್ಲಿ ನೂರಕ್ಕೆ ಹತ್ತರಂತೆ ತೆರೆಸಿ. ಒಟ್ಟು ತೂಕ, ಕಲ್ಲು-ಅರಗು ಕಳೆದ ನಿವ್ವಳ ತೂಕ ಬರೆದು ಒರೆಗೆ ಹಚ್ಚಿಸಿ, ಇಬ್ಬರು ಸಾಕ್ಷಿಗಳ ಮುಂದೆ ಮತ್ತೆ ಮೊಹರು ಮಾಡಿಸಿ. ಮೌಲ್ಯಮಾಪಕರ ಬಂಧುಗಳ ಪೊಟ್ಟಣಗಳನ್ನು ಒಂದೂ ಬಿಡದೆ ತೆರೆಸಿ. ಪೊಟ್ಟಣ ಕಡಿಮೆ ಬಂದರೆ ಸದಸ್ಯರ ಚಿನ್ನವನ್ನೇ ಬೇರೆಡೆ ಅಡವಿಟ್ಟಿರುವ ಸಾಧ್ಯತೆಯೂ ಇದೆ.

ವರದಿ: ಕೋರ್ಟಿನಲ್ಲಿ ನಿಲ್ಲುವಂತೆ

ಕಷ್ಟಪಟ್ಟು ಹಿಡಿದ ಪ್ರಕರಣ ಕೈತಪ್ಪುವುದು ಬಹುತೇಕ ವರದಿಯ ದೋಷದಿಂದ. ಕಲಂ 65 ಪುಸ್ತಕಗಳ ಪರಿಶೀಲನೆಗೆ, ಕಲಂ 64 ವಿಚಾರಣೆಗೆ. 63, 64 ಅಥವಾ 65ರ ವರದಿಯಲ್ಲಿ ದುರುಪಯೋಗ ಕಂಡುಬಂದರೆ ಕಲಂ 69ರಡಿ ಸರ್ಚಾರ್ಜ್ ಹಾಕಿ ನಷ್ಟವನ್ನು ಹೊಣೆಗಾರರಿಂದಲೇ ವಸೂಲು ಮಾಡಬಹುದು. ಅಡಿಪಾಯದ ವರದಿ ಸಡಿಲವಿದ್ದರೆ 69ರ ಆದೇಶ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿಯಲ್ಲೋ ಹೈಕೋರ್ಟಿನಲ್ಲೋ ಬಿದ್ದುಹೋಗುತ್ತದೆ.

‘ಸಂಘದಲ್ಲಿ ಭಾರಿ ಅವ್ಯವಹಾರ ನಡೆದಿದೆ’ ಎಂಬ ವಾಕ್ಯಕ್ಕೆ ಬೆಲೆಯಿಲ್ಲ. ಪ್ರತಿ ಆಕ್ಷೇಪಕ್ಕೂ ಬೇರೆ ಕಂಡಿಕೆ ಕೊಡಿ. ಅದರಲ್ಲಿ ಏನಾಯಿತು, ಯಾವ ಪುಸ್ತಕದ ಯಾವ ಪುಟ, ಯಾವ ದಿನಾಂಕ, ಎಷ್ಟು ಮೊತ್ತ, ಕಾಯ್ದೆಯ ಅಥವಾ ಬೈಲಾದ ಯಾವ ನಿಬಂಧನೆ ಮುರಿಯಿತು, ಆ ದಿನ ಆ ಹುದ್ದೆಯಲ್ಲಿ ಯಾರಿದ್ದರು ಎಂಬುದಿರಬೇಕು. ಕೊನೆಯದನ್ನು ಮರೆಯುವವರು ಬಹಳ. ಮಂಡಳಿ ಎರಡು ಸಲ ಬದಲಾಗಿದ್ದರೆ 27 ಲಕ್ಷವನ್ನು ಅವಧಿವಾರು ಹಂಚಿ ತೋರಿಸಬೇಕು, ಎಲ್ಲರ ತಲೆಗೂ ಒಟ್ಟಿಗೆ ಕಟ್ಟುವಂತಿಲ್ಲ. ಸಾಲದ ಪ್ರಸ್ತಾವವನ್ನು ವಿರೋಧಿಸಿ ನಡವಳಿಯಲ್ಲಿ ಬರೆಸಿದ ನಿರ್ದೇಶಕರಿದ್ದರೆ ಅವರ ಹೆಸರನ್ನೂ ದಾಖಲಿಸಿ. ಪ್ರಾಮಾಣಿಕರನ್ನು ಕಳ್ಳರ ಜೊತೆ ಸೇರಿಸುವುದು ಅನ್ಯಾಯ, ಅದರಿಂದ ಪ್ರಕರಣವೂ ದುರ್ಬಲವಾಗುತ್ತದೆ.

ಮೂಲ ದಾಖಲೆ ಒಯ್ಯಬೇಕಾದರೆ ಮಹಜರು ಬರೆದು ಪುಟಸಂಖ್ಯೆ ಸಮೇತ ಸ್ವೀಕೃತಿ ಕೊಡಿ. ಪ್ರತಿ ಮಾಡಿಸಿದರೆ ಪುಟಪುಟಕ್ಕೂ ಕಾರ್ಯದರ್ಶಿಯ ದೃಢೀಕರಣ ಹಾಕಿಸಿ. ಹೊಣೆಗಾರರಿಗೆ ಆಕ್ಷೇಪದ ಪ್ರತಿ ಕೊಟ್ಟು, ಉತ್ತರಕ್ಕೆ ಸಮಯ ಕೊಟ್ಟು, ಬಂದ ಉತ್ತರವನ್ನು ಯಾಕೆ ಒಪ್ಪಿಲ್ಲ ಎಂದು ಕಾರಣ ಬರೆಯಿರಿ. ಈ ಮೂರರಲ್ಲಿ ಒಂದು ತಪ್ಪಿದರೂ ಸಹಜ ನ್ಯಾಯ ಪಾಲಿಸಿಲ್ಲ ಎಂದು ಇಡೀ ಆದೇಶ ರದ್ದಾಗಬಹುದು. ಮಂಡಳಿಯನ್ನು ಸೂಪರ್‌ಸೀಡ್ (ವಜಾ) ಮಾಡುವ ಕಲಂ 30ಕ್ಕೂ ಇದೇ ಮಾತು.

ಹಣ ದುರುಪಯೋಗ ಸ್ಪಷ್ಟವಿದ್ದರೆ ಪೊಲೀಸ್ ದೂರಿಗೆ ಸರ್ಚಾರ್ಜ್ ಮುಗಿಯುವವರೆಗೆ ಕಾಯಬೇಕಿಲ್ಲ. ಮೇಲಧಿಕಾರಿಯ ಲಿಖಿತ ಅನುಮತಿ ಪಡೆದು ದೂರು ಕೊಡಿ. 2024ರ ಜುಲೈ 1ರಿಂದ ಈಚಿನ ಕೃತ್ಯಕ್ಕೆ ಭಾರತೀಯ ನ್ಯಾಯ ಸಂಹಿತೆ, ಹಿಂದಿನದಕ್ಕೆ ಭಾರತೀಯ ದಂಡ ಸಂಹಿತೆ ಅನ್ವಯ, ಆದ್ದರಿಂದ ದೂರಿನಲ್ಲಿ ದಿನಾಂಕಗಳನ್ನು ಬೇರ್ಪಡಿಸಿ ಬರೆಯಿರಿ. ಠೇವಣಿದಾರರು ಹೆಚ್ಚಿದ್ದರೆ 2004ರ ಠೇವಣಿದಾರರ ಹಿತರಕ್ಷಣಾ ಕಾಯ್ದೆಯಡಿ ಆಸ್ತಿ ಜಪ್ತಿಗೆ ಅವಕಾಶವಿದೆಯೇ ಎಂದು ಕಾನೂನು ಅಭಿಪ್ರಾಯ ಕೇಳಿ.

ಒತ್ತಡ, ವಸೂಲಿ, ಸಮಾಪನೆ

ಸಂಘದ ಅಧ್ಯಕ್ಷರು ನಾಳೆ ಶಾಸಕರಾಗಬಹುದು, ಇಂದೇ ಆಗಿರಬಹುದು. ‘ವರದಿ ಸ್ವಲ್ಪ ತಡವಾಗಲಿ’ ಎಂಬ ಫೋನು ಬರುತ್ತದೆ. ತಪ್ಪಿಸಿಕೊಳ್ಳುವ ಉಪಾಯ ಸರಳ: ಪರಿಶೀಲನೆ ಮುಗಿದ ಸಂಜೆಯೇ ಪ್ರಾಥಮಿಕ ಟಿಪ್ಪಣಿಯನ್ನು ಸಹಾಯಕ ನಿಬಂಧಕರಿಗೆ ಸಲ್ಲಿಸಿ, ಇ-ಆಫೀಸಿನಲ್ಲಿ ಸಂಖ್ಯೆ ಪಡೆಯಿರಿ. ದಾಖಲೆಗೆ ಸೇರಿದ ಅಂಕಿಯನ್ನು ತೆಗೆಸುವುದು ಕಷ್ಟ. ನಿಮ್ಮ ಮನೆಯವರು ಯಾವುದಾದರೂ ಸಂಘದ ಸಾಲಗಾರರೋ ನಿರ್ದೇಶಕರೋ ಆಗಿದ್ದರೆ ಆ ಸಂಘದ ಕೆಲಸ ಬೇಡವೆಂದು ಮೊದಲೇ ಬರೆದುಕೊಡಿ. ವಾರ್ಷಿಕ ಆಸ್ತಿ-ಋಣ ಪಟ್ಟಿಯನ್ನು ಸಮಯಕ್ಕೆ ಸಲ್ಲಿಸಿ. ನಿಮ್ಮನ್ನು ಸಿಕ್ಕಿಸಲು ಹುಡುಕುವವರು ಮೊದಲು ನೋಡುವುದು ಅದನ್ನು.

ವರ್ಷವಿಡೀ ಪರಿಶೀಲನೆಯೇ ಇರುವುದಿಲ್ಲ. ಸೆಪ್ಟೆಂಬರ್ 25ರೊಳಗೆ ಮಹಾಸಭೆಗಳು ನಡೆದವೇ ಎಂದು ನೋಡಬೇಕು, ಚುನಾವಣೆಗೆ ರಿಟರ್ನಿಂಗ್ ಅಧಿಕಾರಿಯಾಗಬೇಕು, ಕಲಂ 70ರ ಸಾಲ ವಿವಾದಗಳಲ್ಲಿ ಬಂದ ತೀರ್ಪನ್ನು ಅಮಲ್ಜಾರಿ ಮಾಡಬೇಕು. ಅಮಲ್ಜಾರಿಯಲ್ಲಿ ನಿಮ್ಮ ನ್ಯಾಯಬುದ್ಧಿಯ ಪರೀಕ್ಷೆಯಾಗುತ್ತದೆ. 40 ಸಾವಿರದ ಬಾಕಿಗೆ ಬಡವರ ಮನೆ ಬಾಗಿಲಿಗೆ ಹೋಗುವುದು ಸುಲಭ, 40 ಲಕ್ಷದ ಬಾಕಿದಾರರ ಗೇಟು ತೆರೆಸುವುದು ಕಷ್ಟ. ಪಟ್ಟಿಯನ್ನು ದೊಡ್ಡ ಮೊತ್ತದಿಂದ ಸಣ್ಣದಕ್ಕೆ ಜೋಡಿಸಿ, ಆ ಕ್ರಮದಲ್ಲೇ ನಡೆಯಿರಿ.

ಕಲಂ 72ರಡಿ ಸಂಘ ಸಮಾಪನೆಗೆ (ಲೆಕ್ಕ ತೀರಿಸಿ ಮುಚ್ಚುವುದಕ್ಕೆ) ಹೋದರೆ ಸಮಾಪನಾಧಿಕಾರಿಯ ಕೆಲಸವೂ ನಿಮಗೇ ಬರಬಹುದು. ಅಧಿಕಾರ ವಹಿಸಿಕೊಂಡ ದಿನವೇ ಬ್ಯಾಂಕ್ ಖಾತೆಗಳ ಸಹಿ ಬದಲಾಯಿಸಿ, ಕಚೇರಿ ಬೀಗ ಬದಲಾಯಿಸಿ, ತಂತ್ರಾಂಶದ ದತ್ತಾಂಶದ ಎರಡು ಪ್ರತಿ ತೆಗೆಸಿ ಒಂದನ್ನು ಉಪ ನಿಬಂಧಕರ ಕಚೇರಿಯಲ್ಲಿಡಿ. ಬಾಡಿಗೆ ಕಟ್ಟಡವಾದರೆ ದಾಖಲೆಗಳನ್ನು ಮೊದಲು ಸಾಗಿಸಿ. ಬಾಡಿಗೆ ಬಾಕಿಯಿದೆ ಎಂದು ಮಾಲೀಕರು ಬೀಗ ಹಾಕಿದರೆ ಸಾಲದ ಕಡತಗಳು ಒಳಗೇ ಉಳಿಯುತ್ತವೆ. ಕಡತವಿಲ್ಲದೆ ವಸೂಲಿಯಿಲ್ಲ, ವಸೂಲಿಯಿಲ್ಲದೆ ಠೇವಣಿದಾರರಿಗೆ ಹಣವಿಲ್ಲ.

ವರ್ಗಾವಣೆಯಾದಾಗ ಪ್ರಭಾರ ಪಟ್ಟಿಯಲ್ಲಿ ಕುರ್ಚಿ-ಬೀರುಗಳ ಎಣಿಕೆ ಇದ್ದೇ ಇರುತ್ತದೆ. ಅದರ ಹಿಂದೆ ಇನ್ನೊಂದು ಹಾಳೆ ಸೇರಿಸಿ: ಯಾವ ಸಂಘದ ಯಾವ ಅಂಕಿ ಇನ್ನೂ ತಾಳೆಯಾಗಿಲ್ಲ, ಯಾರ ಉತ್ತರ ಯಾವ ದಿನಾಂಕಕ್ಕೆ ಬರಬೇಕು, ಯಾವ ತಡೆಯಾಜ್ಞೆ ಮುಂದಿನ ಬಾರಿ ಯಾವ ಪೀಠದಲ್ಲಿ ವಿಚಾರಣೆಗೆ ಬರುತ್ತದೆ, ಯಾವ ಸಂಘದ ಎಷ್ಟನೇ ಸಂಖ್ಯೆಯ ಠೇವಣಿ ಪತ್ರಗಳು ಕಾಣೆಯಾಗಿವೆ. ಬಂದವರ ಸಹಿಯನ್ನು ಆ ಹಾಳೆಯ ಮೇಲೂ ಪಡೆದು, ಒಂದು ಪ್ರತಿಯನ್ನು ಸಹಾಯಕ ನಿಬಂಧಕರಿಗೆ ಕಳುಹಿಸಿ.